ಊಟ ಆಯ್ತಾ?

(ಶಾಲೆಯ ಸುವರ್ಣ ಮಹೋತ್ಸವದ ಎರಡನೇ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ. ಭಾಷಣಕಾರರು 2007-08ನೇ ಸಾಲಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ, ಬಿ.ಇ. ಪದವೀಧರರು, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಸಮಿತಿಯವರು ಫೋನ್ ಮಾಡಿದಾಗ, "ನೀನು ಸಾಫ್ಟ್‌ವೇರ್ ಎಂಜಿನಿಯರ್, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳು" ಅಂದಿದ್ದರು. ನಾನೂ ಒಪ್ಪಿಕೊಂಡಿದ್ದೆ. ಆದರೆ ಇವತ್ತು ಬೆಳಿಗ್ಗೆ ಗೇಟು ದಾಟಿ ಈ ಶಾಮಿಯಾನದವರೆಗೆ ಬರುವಷ್ಟರಲ್ಲಿ ಹತ್ತು ಹನ್ನೆರಡು ಜನ ನನ್ನನ್ನು ನಿಲ್ಲಿಸಿ ಮಾತಾಡಿಸಿದರು. ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ತಿಂಡಿ ಆಯ್ತೇನಪ್ಪಾ?" ಸಂಬಳ ಎಷ್ಟು ಅಂತ ಕೇಳಿದ್ದು ಆಮೇಲೆ! ಹಾಗಾಗಿ ಕಂಪ್ಯೂಟರ್ ಬಗ್ಗೆ ಸ್ವಲ್ಪ, ಊಟದ ಬಗ್ಗೆ ಜಾಸ್ತಿ ಮಾತಾಡುತ್ತೇನೆ. ಕ್ಷಮೆ ಇರಲಿ.

ಮೊದಲು ಈ ಶಾಲೆಯ ಒಂದು ನೆನಪು. ನಮ್ಮ ತಂಡದವರಿಗೆ ಬಿಸಿಯೂಟದ ವಿಷಯದಲ್ಲಿ ಒಂದು ವಿಚಿತ್ರ ಅನುಭವ ಇದೆ. ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಕರ್ನಾಟಕದ 7 ಜಿಲ್ಲೆಗಳಲ್ಲಿ ಒಂದರಿಂದ ಐದನೇ ತರಗತಿಯವರಿಗೆ ಶುರುವಾಯಿತು. ಮುಂದಿನ ವರ್ಷ ನಮ್ಮ ಕಡೆಗೂ ಬಂತು. 2004ರಲ್ಲಿ ಆರು, ಏಳನೇ ತರಗತಿಗೂ ವಿಸ್ತರಿಸಿದರು. ನಾವು ಆಗ ಏಳನೇ ಕ್ಲಾಸು. ಪ್ರಾಥಮಿಕ ಶಾಲೆಯ ಜಗುಲಿಯಲ್ಲಿ ಸಾಲಾಗಿ ಕೂತು ಅನ್ನ ಸಾಂಬಾರು ಉಂಡೆವು. ಮರುವರ್ಷ ಎಂಟನೇ ಕ್ಲಾಸಿಗೆ ಈ ಶಾಲೆಗೆ ಬಂದೆವು. ಇಲ್ಲಿ ಊಟ ಇರಲಿಲ್ಲ. ಪ್ರೌಢಶಾಲೆಗಳಿಗೆ ಬಿಸಿಯೂಟ ಬಂದಿದ್ದು 2007-08ರಲ್ಲಿ, ನಾವು ಹತ್ತನೇ ತರಗತಿಯಲ್ಲಿದ್ದಾಗ. ಅಂದರೆ ಏಳರಲ್ಲಿ ಇದ್ದ ಊಟ, ಎಂಟು ಮತ್ತು ಒಂಬತ್ತರಲ್ಲಿ ಇಲ್ಲ, ಹತ್ತರಲ್ಲಿ ಮತ್ತೆ ಇದೆ.

ಆ ನಡುವಿನ ಎರಡು ವರ್ಷ ನಾವು ಡಬ್ಬಿ ತರುತ್ತಿದ್ದೆವು. ಅಗೋ ಆ ಹೊಂಗೆ ಮರದ ಕೆಳಗೆ ನಮ್ಮ ಗುಂಪು ಕೂರುತ್ತಿತ್ತು. ಅಕ್ಕಿ ರೊಟ್ಟಿ, ಚಿತ್ರಾನ್ನ, ನಿನ್ನೆಯ ಸಾರು ಕಲಸಿದ ಅನ್ನ, ಅಪ್ಪೆಮಿಡಿ ಉಪ್ಪಿನಕಾಯಿ. ನನ್ನ ಪಕ್ಕದ ಬೆಂಚಿನ ಗೆಳೆಯನೊಬ್ಬ ಗಂಟೆ ಹೊಡೆದ ತಕ್ಷಣ ಎದ್ದು ಹೊರಡುತ್ತಿದ್ದ. "ಎಲ್ಲಿಗೋ?" ಅಂದರೆ "ಮನೆಗೆ ಹೋಗಿ ಉಂಡು ಬರ್ತೀನಿ" ಅನ್ನುತ್ತಿದ್ದ. ವಾಪಸ್ ಬಂದಾಗ "ಊಟ ಆಯ್ತಾ?" ಅಂದರೆ "ಆಯ್ತು" ಅನ್ನುತ್ತಿದ್ದ. ಅವನ ಮನೆ ಇಲ್ಲಿಂದ ನಾಲ್ಕು ಕಿಲೋಮೀಟರ್. ಮುಕ್ಕಾಲು ಗಂಟೆಯಲ್ಲಿ ನಡೆದು ಹೋಗಿ, ಉಂಡು, ನಡೆದು ಬರಲು ಸಾಧ್ಯವೇ ಇಲ್ಲ. ಗಣಿತದಲ್ಲಿ ನನಗೆ ನೂರಕ್ಕೆ ತೊಂಬತ್ತಾರು ಬಂದಿತ್ತು. ಈ ಲೆಕ್ಕ ಮಾತ್ರ ಎರಡು ವರ್ಷ ಹೊಳೆಯಲಿಲ್ಲ. ಹತ್ತನೇ ತರಗತಿಯಲ್ಲಿ ಊಟ ಶುರುವಾದಾಗ ಅವನು ನನ್ನ ಪಕ್ಕದಲ್ಲೇ ಕೂತು ಮೂರು ಸಲ ಅನ್ನ ಹಾಕಿಸಿಕೊಂಡ. ಆಗಲೇ ನನಗೆ ಅರ್ಥವಾಗಿದ್ದು. ಅವತ್ತಿನಿಂದ ಅವನು ಮಧ್ಯಾಹ್ನ ನಮ್ಮ ಜೊತೆ ಮಾತಾಡತೊಡಗಿದ. ಎರಡು ವರ್ಷ ಅವನಿಗೆ ಹಸಿವು ಮಾತ್ರ ಇರಲಿಲ್ಲ, ಒಂಟಿತನವೂ ಇತ್ತು. ಊಟ ಇಲ್ಲದ್ದಕ್ಕಿಂತ, ಊಟ ಇಲ್ಲ ಅಂತ ನಮಗೆ ಗೊತ್ತಾಗಬಾರದು ಅನ್ನುವುದೇ ಅವನಿಗೆ ದೊಡ್ಡ ಕಷ್ಟವಾಗಿತ್ತು. ಅವನು ಇವತ್ತು ಇಲ್ಲೇ ಸಭೆಯಲ್ಲಿದ್ದಾನೆ. ಅವನ ಒಪ್ಪಿಗೆ ಪಡೆದೇ ಈ ಮಾತು ಹೇಳುತ್ತಿದ್ದೇನೆ.

ಒಂದು ಸಲ ಕಲಿತ ಪಾಠ ಮರೆಯಬಾರದಿತ್ತು. ಆದರೆ ನಾನು ಮರೆತೆ.

ಎಸ್ಸೆಸ್ಸೆಲ್ಸಿ ಆದ ಮೇಲೆ ನಾವು ಭದ್ರಾವತಿಗೆ ಮನೆ ಬದಲಾಯಿಸಿದೆವು. ಅಪ್ಪ ಅಲ್ಲಿ ಕಾರ್ಖಾನೆ ನೌಕರರು. ಭದ್ರಾವತಿಯ ಗುಣ ನಿಮಗೆ ಗೊತ್ತು. ಹಿಂದೆ ಬೆಂಕಿಪುರ ಅನ್ನುತ್ತಿದ್ದ ಊರು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಶುರು ಮಾಡಿತು, 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ಕೆಲಸಕ್ಕಾಗಿ ತಮಿಳರು, ತೆಲುಗರು, ಮಲಯಾಳಿಗಳು, ಉರ್ದು ಮಾತಾಡುವವರು, ಬಯಲುಸೀಮೆಯವರು ಎಲ್ಲರೂ ಬಂದು ನೆಲೆಸಿದರು. ಅಪ್ಪ ಮೂವತ್ತು ವರ್ಷ ಮಧ್ಯಾಹ್ನದ ಊಟವನ್ನು ಮನೆಯಲ್ಲಿ ಮಾಡಿದ್ದಕ್ಕಿಂತ ಕಾರ್ಖಾನೆಯಲ್ಲಿ ಮಾಡಿದ್ದೇ ಹೆಚ್ಚು. ಏಳೆಂಟು ಜನ ಡಬ್ಬಿ ಬಿಚ್ಚಿ ನಡುವೆ ಇಡುತ್ತಿದ್ದರಂತೆ. ಅಮ್ಮ ಕಟ್ಟಿದ ಪಲ್ಯ ಯಾರದ್ದೋ ಹೊಟ್ಟೆಗೆ, ಯಾರದ್ದೋ ಮನೆಯ ಪುಳಿಯೋಗರೆ ಅಪ್ಪನ ಹೊಟ್ಟೆಗೆ. 2016ರಲ್ಲಿ ನಿವೃತ್ತಿ ಆಯಿತು. ಶಾಲು, ಹಾರ, ಗಡಿಯಾರ ಕೊಟ್ಟು ಕಳಿಸಿದರು. ಸಂಬಳ ನಿಲ್ಲುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಆ ಊಟದ ಗುಂಪೂ ಅವತ್ತೇ ನಿಂತಿತು ಅಂತ ಯಾರಿಗೂ ಅನ್ನಿಸಲಿಲ್ಲ. ಆಗ ಅಮ್ಮ ಇದ್ದರು.

2021ರಲ್ಲಿ ಅಮ್ಮ ತೀರಿಕೊಂಡರು. ನಾನು ಶಿವಮೊಗ್ಗದಲ್ಲಿ ಬಿ.ಇ. ಮುಗಿಸಿ ಆಗಲೇ ಏಳು ವರ್ಷದಿಂದ ಬೆಂಗಳೂರಿನಲ್ಲಿದ್ದೆ. ಅಪ್ಪನಿಗೆ ಒಳ್ಳೆಯ ಫೋನ್ ಕೊಡಿಸಿದೆ. ದಿನಸಿ ಮನೆ ಬಾಗಿಲಿಗೆ ಬರುವ ಹಾಗೆ ಮಾಡಿದೆ. ಪ್ರತಿ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಿದ್ದೆ. "ಅಪ್ಪಾ, ಊಟ ಆಯ್ತಾ?" "ಆಯ್ತು ಕಣೋ. ನಿಂದು?" "ಆಯ್ತು." ನಾನು ಒಳ್ಳೆಯ ಮಗ ಅಂತ ನೆಮ್ಮದಿಯಾಗಿ ಮಲಗುತ್ತಿದ್ದೆ.

2022ರ ಮಾರ್ಚ್‌ನಲ್ಲಿ ಪಕ್ಕದ ಮನೆಯವರು ಫೋನ್ ಮಾಡಿದರು. ಅಪ್ಪ ಅಂಗಳದಲ್ಲಿ ತಲೆ ಸುತ್ತಿ ಬಿದ್ದಿದ್ದರು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದರು. ನಾನು ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ತಲುಪಿದೆ. ಡಾಕ್ಟರ್ ಎಲ್ಲಾ ಪರೀಕ್ಷೆ ಮಾಡಿಸಿ, "ದೊಡ್ಡ ಕಾಯಿಲೆ ಏನೂ ಇಲ್ಲ. ಯಜಮಾನರೇ, ದಿನಾ ಏನು ಊಟ ಮಾಡ್ತೀರಿ?" ಅಂತ ಕೇಳಿದರು. ಅಪ್ಪ ನನ್ನ ಮುಖ ನೋಡಿದರು, ಕಿಟಕಿ ನೋಡಿದರು. ಆಮೇಲೆ ಮೆಲ್ಲಗೆ, "ಟೀ, ಬನ್ನು" ಅಂದರು.

ಮನೆಗೆ ಹೋಗಿ ಅಡುಗೆಮನೆ ನೋಡಿದೆ. ನಾನು ಕಳಿಸಿದ ಬೇಳೆ, ರವೆ ಪ್ಯಾಕೆಟ್ಟುಗಳು ಹಾಗೇ ಇದ್ದವು. ರವೆಯಲ್ಲಿ ಹುಳ. ಗ್ಯಾಸ್ ಸಂಪರ್ಕ ಇರುವುದು ನನ್ನ ಮೊಬೈಲ್ ನಂಬರಿನಲ್ಲಿ. ಹಳೆಯ ಮೆಸೇಜು ತೆಗೆದು ನೋಡಿದೆ. ಅಮ್ಮ ಇದ್ದಾಗ ಎರಡು ತಿಂಗಳಿಗೊಂದು ಸಿಲಿಂಡರ್ ಬೇಕಾಗುತ್ತಿತ್ತು. ಈಗ ಎಂಟು ತಿಂಗಳಿಂದ ಒಂದೂ ಬುಕ್ ಆಗಿಲ್ಲ. ಈ ಲೆಕ್ಕ ನನ್ನ ಜೇಬಿನಲ್ಲೇ ಇತ್ತು.

"ಯಾಕಪ್ಪಾ ಸುಳ್ಳು ಹೇಳಿದ್ರಿ?" ಅಂತ ಕೇಳಿದೆ. ಅಪ್ಪ ಸಿಟ್ಟು ಮಾಡಲಿಲ್ಲ. "ಒಬ್ಬನಿಗೆ ಎಷ್ಟು ಅಕ್ಕಿ ಹಾಕಬೇಕು ಅಂತ ನನಗೆ ಗೊತ್ತಾಗಲ್ಲ ಕಣೋ" ಅಂದರು.

ಮಕ್ಕಳೇ, ಇಲ್ಲಿ ಕಂಪ್ಯೂಟರ್ ಬಗ್ಗೆ ಒಂದು ಮಾತು. ನಾವು ಕೆಲಸ ಮಾಡುವ ಕಡೆ ನೂರಾರು ಕಂಪ್ಯೂಟರುಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ಕೆಲವು ಸೆಕೆಂಡಿಗೊಮ್ಮೆ ಒಂದು ಇನ್ನೊಂದನ್ನು "ಇದ್ದೀಯಾ?" ಅಂತ ಕೇಳುತ್ತದೆ. ಅದು "ಇದ್ದೀನಿ" ಅನ್ನುತ್ತದೆ. ಇದಕ್ಕೆ ನಾವು ಹಾರ್ಟ್‌ಬೀಟ್, ಅಂದರೆ ಎದೆಬಡಿತ ಅನ್ನುತ್ತೇವೆ. ಇದರಲ್ಲಿ ಒಂದು ತೊಂದರೆ ಇದೆ. ಕೆಲವು ಸಲ ಒಳಗೆ ಎಲ್ಲಾ ಕೆಟ್ಟು ಕೂತಿರುತ್ತದೆ, "ಇದ್ದೀನಿ" ಅನ್ನುವ ಚೂರು ಮಾತ್ರ ಸರಿಯಾಗಿ ಉತ್ತರ ಕೊಡುತ್ತಿರುತ್ತದೆ. ಅದಕ್ಕೇ ಅನುಭವ ಇರುವ ಎಂಜಿನಿಯರ್ ಆ ಉತ್ತರವನ್ನಷ್ಟೇ ನಂಬುವುದಿಲ್ಲ, ಕೆಲಸ ಆಗುತ್ತಿದೆಯಾ ಅಂತ ನೋಡುತ್ತಾನೆ. ಆಫೀಸಿನಲ್ಲಿ ದಿನಾ ಇದನ್ನೇ ಮಾಡುವ ನಾನು ಅಪ್ಪನ "ಆಯ್ತು" ಅನ್ನುವ ಮಾತನ್ನು ಎಂಟು ತಿಂಗಳು ನಂಬಿಕೊಂಡಿದ್ದೆ.

ಆಮೇಲೆ ನಾನು ಮಾಡಿದ ಎರಡು ಪ್ರಯತ್ನಗಳೂ ಸೋತವು. ಮೊದಲು ಅಪ್ಪನನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆ. ಹನ್ನೊಂದನೇ ಮಹಡಿಯ ಮನೆ. ನಾನೂ ನನ್ನ ಹೆಂಡತಿಯೂ ಮೀಟಿಂಗ್ ನಡುವೆ ಒಬ್ಬೊಬ್ಬರಾಗಿ ತಟ್ಟೆ ಹಿಡಿದು ಲ್ಯಾಪ್‌ಟಾಪ್ ಮುಂದೆ ಕೂರುವವರು. ಅಪ್ಪ ಐದು ವಾರ ನೋಡಿದರು. "ನಿಮಗೆ ಕೆಲಸ ಇದೆ. ನನ್ನನ್ನ ಊರಿಗೆ ಬಿಟ್ಟು ಬಾ" ಅಂದರು. ಎರಡನೆಯದಾಗಿ, ಭದ್ರಾವತಿಯಲ್ಲಿ ಒಂದು ಮನೆಯಿಂದ ಕ್ಯಾರಿಯರ್ ಊಟ ಗೊತ್ತು ಮಾಡಿದೆ. ರುಚಿಯಾದ ಊಟ. ಅರ್ಧ ವಾಪಸ್ ಹೋಗುತ್ತಿತ್ತು. ಅನ್ನ ಎದುರಿಗೇ ಇದ್ದರೂ ಉಣ್ಣಲಿಲ್ಲ ಅಂದರೆ, ಕೊರತೆ ಇದ್ದದ್ದು ಅನ್ನದ್ದಲ್ಲ.

ಅದು ನನಗೆ ಅರ್ಥವಾಗಿದ್ದು ಆ ವರ್ಷದ ಗಣಪತಿ ಹಬ್ಬದಲ್ಲಿ. ಬೀದಿಯ ಗಣಪತಿ ಮುಂದೆ ಅನ್ನ ಸಂತರ್ಪಣೆ. ಹುಡುಗರು ಬಂದು, "ಅಂಕಲ್, ಅನ್ನ ಬಡಿಸೋಕೆ ಜನ ಕಮ್ಮಿ, ಬನ್ನಿ" ಅಂತ ಅಪ್ಪನನ್ನು ಎಳೆದುಕೊಂಡು ಹೋದರು. ಅಪ್ಪ ಪಂಚೆ ಎತ್ತಿ ಕಟ್ಟಿ, ಬಕೆಟ್ ಹಿಡಿದು, ಮೂರು ಪಂಕ್ತಿ ಬಡಿಸಿದರು. ಕೊನೆಯ ಪಂಕ್ತಿಯಲ್ಲಿ ತಾವೂ ಕೂತು ಅನ್ನ, ಸಾರು, ಕೋಸಂಬರಿ, ಪಾಯಸ ಎಲ್ಲಾ ಉಂಡು, ಮಜ್ಜಿಗೆಗೆ ಮತ್ತೆ ಅನ್ನ ಹಾಕಿಸಿಕೊಂಡರು. ಅದನ್ನು ನೋಡಿದ ಬೀದಿಯ ನಿವೃತ್ತ ಮೇಡಂ ಒಬ್ಬರು, "ಇದು ವರ್ಷಕ್ಕೊಂದು ಸಲ ಯಾಕೆ? ನಾನೂ ಮನೇಲಿ ಒಬ್ಬಳೇ ಉಣ್ಣೋದು" ಅಂದರು.

ಅಲ್ಲಿಂದ ಶುರುವಾಯಿತು. ಪ್ರತಿ ಗುರುವಾರ ಮಧ್ಯಾಹ್ನ, ಆ ಮೇಡಂ ಮನೆಯ ಹಿಂದಿನ ಶೀಟಿನ ಚಪ್ಪರದಲ್ಲಿ. ಇದಕ್ಕೆ ಹೆಸರಿಲ್ಲ, ಬೋರ್ಡಿಲ್ಲ. ಗುರುವಾರದ ಊಟ ಅನ್ನುತ್ತಾರೆ, ಅಷ್ಟೇ. ಒಂಬತ್ತು ಜನರಿಂದ ಶುರುವಾಗಿದ್ದು, ಈಗ ಇಪ್ಪತ್ತೆರಡು ಜನ ಇದ್ದಾರೆ. ಒಬ್ಬೊಬ್ಬರು ನಲವತ್ತು ರೂಪಾಯಿ ಅಥವಾ ಅಷ್ಟರದ್ದೇ ಅಕ್ಕಿ, ತರಕಾರಿ, ತೆಂಗಿನಕಾಯಿ ತರುತ್ತಾರೆ. ನಾನು ಹಣ ಕಳಿಸುತ್ತೇನೆ ಅಂದರೆ ಅಪ್ಪ ಬೈದರು. "ನೀನು ದುಡ್ಡು ಕೊಟ್ಟರೆ ಅದು ನಿನ್ನ ಊಟ ಆಗುತ್ತೆ, ನಮ್ಮ ಊಟ ಆಗಲ್ಲ."

ಅವರು ಅನುಭವದಿಂದ ಮೂರು ನಿಯಮ ಮಾಡಿಕೊಂಡಿದ್ದಾರೆ. ಮೊದಲನೆಯದು, ಎಲ್ಲರಿಗೂ ಒಂದು ಕೆಲಸ. ಯಾರೂ ಸುಮ್ಮನೆ ಬಂದು ಉಂಡು ಹೋಗುವಂತಿಲ್ಲ. ಈಳಿಗೆಮಣೆ ಮೇಲೆ ಕೂರಲು ಆಗದವರು ಬೆಳ್ಳುಳ್ಳಿ ಸುಲಿಯುತ್ತಾರೆ, ಕಣ್ಣು ಮಂಜಾದವರು ಲೋಟ ಜೋಡಿಸುತ್ತಾರೆ. ಒಬ್ಬರು "ಧರ್ಮದ ಊಟ ನನಗೆ ಬೇಡ" ಅಂತ ಆರು ತಿಂಗಳು ಬರಲೇ ಇಲ್ಲ. ಎಷ್ಟು ಕರೆದರೂ ಬರಲಿಲ್ಲ. ಕೊನೆಗೆ "ಲೆಕ್ಕ ಬರೆಯೋರು ಬೇಕು" ಅಂತ ಕೇಳಿದರು. ಮರುದಿನವೇ ಪುಸ್ತಕ, ಪೆನ್ನು ಹಿಡಿದು ಬಂದರು. ಇವತ್ತು ಎರಡು ರೂಪಾಯಿ ವ್ಯತ್ಯಾಸ ಬಂದರೂ ಊಟ ಬಡಿಸಲು ಬಿಡುವುದಿಲ್ಲವಂತೆ!

ಎರಡನೆಯದು, ಒಂದೇ ಪಂಕ್ತಿ, ಒಂದೇ ಅಡುಗೆ. ಇದು ಸುಲಭವಾಗಿ ಆಗಲಿಲ್ಲ. ಶುರುವಿನಲ್ಲಿ ಇಬ್ಬರು ಮೂವರು, "ನಾವು ಆ ಕಡೆ ಕೂರ್ತೀವಿ" ಅಂದರು. ಒಂದೆರಡು ವಾರ ಹಾಗೇ ನಡೆಯಿತು. ಆ ಎರಡು ವಾರ ಒಬ್ಬ ಅಜ್ಜಿ ಬರಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಮೇಡಂ ಒಂದು ಗುರುವಾರ ಅಡುಗೆಯನ್ನೇ ನಿಲ್ಲಿಸಿ, "ಎಲ್ಲರೂ ಒಟ್ಟಿಗೆ ಕೂರೋದಾದರೆ ಒಲೆ ಹಚ್ಚೋಣ" ಅಂದರು. ಒಬ್ಬರು ಎದ್ದು ಹೋದರು, ಮತ್ತೆ ಬಂದಿಲ್ಲ. ಅಜ್ಜಿ ಬಂದರು.

ಇಲ್ಲಿ ನಾವು ಒಂದು ವಿಷಯ ಒಪ್ಪಿಕೊಳ್ಳಬೇಕು. ನಮ್ಮ ಕಡೆ ಹಿಂದಿನಿಂದ ಎಲ್ಲರೂ ಕೂಡಿ ಉಣ್ಣುತ್ತಿದ್ದೆವು, ಈಗ ಕೆಟ್ಟುಹೋಗಿದೆ ಅಂತ ಹೇಳುವುದು ಅರ್ಧ ಸತ್ಯ. ಎಷ್ಟೋ ಜನರನ್ನು ಪಂಕ್ತಿಯಿಂದ ಹೊರಗಿಟ್ಟೇ ಉಂಡಿದ್ದೇವೆ. ಹನ್ನೆರಡನೇ ಶತಮಾನದಲ್ಲಿ ಬಸವಣ್ಣನವರ ಕಾಲದ ಶರಣರು ದಾಸೋಹ ಅಂದಾಗ ಅದರಲ್ಲಿ ಅನ್ನದ ಜೊತೆ ಈ ಭೇದ ಕಳೆಯುವ ಮಾತೂ ಇತ್ತು. ಆ ಶರಣರ ನಡುವೆ ದೊಡ್ಡ ಹೆಸರಾದ ಅಲ್ಲಮಪ್ರಭು ನಮ್ಮದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯವರು. 1917ರಲ್ಲಿ ಕೇರಳದ ಚೆರಾಯಿಯಲ್ಲಿ ಸಹೋದರನ್ ಅಯ್ಯಪ್ಪನ್ ಬೇರೆ ಬೇರೆ ಜಾತಿಯವರನ್ನು ಒಟ್ಟಿಗೆ ಕೂರಿಸಿ ಊಟ ಹಾಕಿಸಿದ್ದಕ್ಕೆ ಬಹಿಷ್ಕಾರ ಎದುರಿಸಬೇಕಾಯಿತು. ಪಕ್ಕದಲ್ಲಿ ಕೂರುವುದು ಅನ್ನ ಹಾಕುವುದಕ್ಕಿಂತ ಕಷ್ಟದ ಕೆಲಸ. ಈ ಶಾಲೆಯ ಜಗುಲಿಯಲ್ಲಿ ಮಕ್ಕಳು ಅದನ್ನು ದಿನಾ ಮಾಡುತ್ತಿದ್ದಾರೆ.

ಮೂರನೆಯ ನಿಯಮವೇ ಮುಖ್ಯ. ಹೇಳದೆ ಯಾರಾದರೂ ಬರದಿದ್ದರೆ, ಪಂಕ್ತಿ ಕೂರುವ ಮೊದಲು ಒಬ್ಬರು ಅವರ ಮನೆಗೆ ಹೋಗಿ ನೋಡಬೇಕು. ಫೋನ್ ಮಾಡಿದರೆ ಆಗುವುದಿಲ್ಲ, ಹೋಗಲೇಬೇಕು. 2024ರ ಮಳೆಗಾಲದಲ್ಲಿ ಆ ಅಜ್ಜಿಯೇ ಒಂದು ಗುರುವಾರ ಬರಲಿಲ್ಲ. ಅಪ್ಪ ಕೊಡೆ ಹಿಡಿದು ಹೋದರು. ಬಾಗಿಲು ಒಳಗಿನಿಂದ ಹಾಕಿತ್ತು. ಕೂಗಿದರೆ ಬಚ್ಚಲುಮನೆಯಿಂದ ಸಣ್ಣ ದನಿ. ಬೆಳಿಗ್ಗೆ ಏಳಕ್ಕೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಅವರ ಮಕ್ಕಳು ದಿನಾ ಫೋನ್ ಮಾಡುವವರೇ, ಆದರೆ ಅವರು ಮಾಡುವುದು ರಾತ್ರಿ. ಗುರುವಾರ ಅಲ್ಲದಿದ್ದರೆ ಏನಾಗುತ್ತಿತ್ತೋ! ಈಗ ಅವರು ವಾಕರ್ ಹಿಡಿದು ಬರುತ್ತಾರೆ. ಬೆಳ್ಳುಳ್ಳಿ ವಿಭಾಗ ಅವರದ್ದೇ.

ಇದು ನಮ್ಮ ಒಂದು ಬೀದಿಯ ಕತೆ ಅಂತ ಅನ್ನಿಸಬಹುದು. ಆದರೆ ಪ್ರಪಂಚವೇ ಈಗ ಇದನ್ನು ಮಾತಾಡುತ್ತಿದೆ. ಬ್ರಿಟನ್ ಸರ್ಕಾರ 2018ರಲ್ಲಿ ಒಂಟಿತನದ ವಿಷಯಕ್ಕೇ ಒಬ್ಬ ಸಚಿವರನ್ನು ನೇಮಿಸಿತು, 2021ರಲ್ಲಿ ಜಪಾನ್ ಕೂಡ. ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಡಾ. ವಿವೇಕ್ ಮೂರ್ತಿ ಅವರ ಕುಟುಂಬದ ಮೂಲ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ. ಅವರು 2023ರಲ್ಲಿ ವರದಿ ಹೊರಡಿಸಿ, ಜನರ ಒಡನಾಟ ಇಲ್ಲದ ಬದುಕು ದಿನಕ್ಕೆ 15 ಸಿಗರೇಟು ಸೇದುವಷ್ಟೇ ಆಯಸ್ಸಿಗೆ ಅಪಾಯ ಅಂದರು. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ಜೂನ್‌ನಲ್ಲಿ ಹೇಳಿದ ಪ್ರಕಾರ ಪ್ರಪಂಚದಲ್ಲಿ 6 ಜನರಲ್ಲಿ ಒಬ್ಬರು ಒಂಟಿತನ ಅನುಭವಿಸುತ್ತಿದ್ದಾರೆ, ವರ್ಷಕ್ಕೆ 8 ಲಕ್ಷ 71 ಸಾವಿರಕ್ಕೂ ಹೆಚ್ಚು ಸಾವುಗಳಿಗೆ ಅದರ ನಂಟಿದೆ. ಅದೇ ವರ್ಷದ ವಿಶ್ವ ಸಂತೋಷ ವರದಿಯಲ್ಲಿ ಕೂಡಿ ಉಣ್ಣುವುದರ ಬಗ್ಗೆಯೇ ಒಂದು ಅಧ್ಯಾಯ ಇದೆ. ಅಮೆರಿಕದಲ್ಲಿ 2023ರಲ್ಲಿ ನಾಲ್ವರಲ್ಲಿ ಒಬ್ಬರು ಹಿಂದಿನ ದಿನದ ಎಲ್ಲಾ ಊಟವನ್ನೂ ಒಬ್ಬರೇ ಮಾಡಿದ್ದಾಗಿ ಹೇಳಿದರಂತೆ. 2003ಕ್ಕೆ ಹೋಲಿಸಿದರೆ ಇದು ಶೇ. 53ರಷ್ಟು ಹೆಚ್ಚು. ಅದು ಅಮೆರಿಕದ ಕತೆ ಅಂತ ನಗಬೇಡಿ. ನಮ್ಮೂರಿನಲ್ಲೇ ಮಕ್ಕಳೆಲ್ಲ ಬೆಂಗಳೂರು ಸೇರಿ, ತೋಟದ ಮನೆಯಲ್ಲಿ ಒಬ್ಬರೇ ಉಳಿದಿರುವವರು ಎಷ್ಟು ಜನ, ಕೂತಲ್ಲೇ ಬೆರಳು ಮಡಚಿ ಎಣಿಸಿ. ನಾನು ನಿನ್ನೆ ಎಣಿಸಿದೆ. ಎರಡೂ ಕೈಬೆರಳು ಸಾಲಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಸುವರ್ಣ ಮಹೋತ್ಸವದ ನೆನಪಿಗೆ ನಮ್ಮ ತಂಡದವರು ಶಾಲೆಗೆ ಒಂದು ಸ್ವಾಗತ ಕಮಾನು ಕಟ್ಟಿಸಿಕೊಡೋಣ ಅಂದುಕೊಂಡಿದ್ದೆವು. ಹಣವೂ ಸೇರಿದೆ. ಆಮೇಲೆ ಆ ನಾಲ್ಕು ಕಿಲೋಮೀಟರ್ ಗೆಳೆಯನೇ, "ಕಮಾನಿನ ಕೆಳಗೆ ಯಾರೂ ಕೂತು ಉಣ್ಣಲ್ಲ ಕಣ್ರೋ" ಅಂದ. ಹಾಗಾಗಿ ಮುಖ್ಯೋಪಾಧ್ಯಾಯರ, ಎಸ್‌ಡಿಎಂಸಿಯವರ ಮುಂದೆ ಒಂದು ವಿನಂತಿ ಇಡುತ್ತಿದ್ದೇವೆ. ತಿಂಗಳಿಗೆ ಒಂದು ಶನಿವಾರ, ಊರಿನಲ್ಲಿ ಒಂಟಿಯಾಗಿರುವ ಹಿರಿಯರು ಈ ಜಗುಲಿಗೆ ಬಂದು ಮಕ್ಕಳ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣಲಿ. ಸಮುದಾಯದವರು ಮಕ್ಕಳಿಗೆ ವಿಶೇಷ ಊಟ ಕೊಡಲು ಬಿಸಿಯೂಟ ಯೋಜನೆಯಲ್ಲೇ ತಿಥಿ ಭೋಜನ ಅಂತ ಒಂದು ಅವಕಾಶ ಇದೆ. ಹೆಸರು ಕೇಳಿ ಹೆದರಬೇಡಿ! ನಮ್ಮ ಕಡೆ ತಿಥಿ ಅಂದರೆ ಬೇರೆ ಅರ್ಥ. ಅದಕ್ಕೆ ನಾವು ಶನಿವಾರದ ಊಟ ಅನ್ನೋಣ. ಹಿರಿಯರ ಪಾಲಿಗೆ ಸರ್ಕಾರದ ಅಕ್ಕಿಯ ಒಂದು ಕಾಳೂ ಬೇಡ. ಅವರಿಗೆ ಆಗುವ ದಿನಸಿ, ಆ ದಿನದ ಹೆಚ್ಚಿನ ಕೆಲಸಕ್ಕೆ ಅಡುಗೆಯ ಅಕ್ಕಂದಿರಿಗೆ ಸಲ್ಲಬೇಕಾದ ಕೂಲಿ ನಮ್ಮ ತಂಡದ್ದು. ಆ ಅಕ್ಕಂದಿರು ಅಲ್ಪ ಗೌರವಧನಕ್ಕೆ ದುಡಿಯುತ್ತಿದ್ದಾರೆ, ಪುಕ್ಕಟೆ ಕೆಲಸ ಕೇಳುವುದು ನ್ಯಾಯವಲ್ಲ. ನಿಯಮದ ಪ್ರಕಾರ ಏನೇನು ಅನುಮತಿ ಬೇಕೋ ಅದನ್ನು ಪಡೆದೇ ಮಾಡೋಣ. ಅಡಿಕೆ ಹಾಳೆಯ ತಟ್ಟೆ ಕೊಡುತ್ತೇವೆ ಅಂತ ಆಗಲೇ ಒಬ್ಬರು ಒಪ್ಪಿದ್ದಾರೆ.

ಹಿರಿಯರು ಸುಮ್ಮನೆ ಬರುವುದು ಬೇಡ, ನಿಯಮ ನೆನಪಿರಲಿ. ಒಬ್ಬರು ತರಕಾರಿ ಹೆಚ್ಚಲಿ. ಇನ್ನೊಬ್ಬರು ಒಂದು ಒಗಟು, ಒಂದು ಮಗ್ಗಿ, ಒಂದು ಹಳೆಯ ಕತೆ ಹೇಳಲಿ. ಮಕ್ಕಳಿಗೂ ಒಂದು ಕೆಲಸ ಇದೆ. ಬರಬೇಕಾದ ಅಜ್ಜ ಅಜ್ಜಿ ಬಂದಿಲ್ಲ ಅಂದರೆ ಇಬ್ಬರು ಹೋಗಿ ಬಾಗಿಲು ತಟ್ಟಬೇಕು.

ಕೊನೆಯ ಮಾತು. ನಮ್ಮ ಭಾಷೆಯಲ್ಲಿ "ಊಟ ಆಯ್ತಾ?" ಅಂತ ಕೇಳುವುದು ದೊಡ್ಡ ಸಂಪತ್ತು, ಅದನ್ನು ಬಿಡಬೇಡಿ. ಆದರೆ ಆ ಪ್ರಶ್ನೆಗೆ ಹಸಿದವರೂ "ಆಯ್ತು" ಅಂತಲೇ ಹೇಳುತ್ತಾರೆ. ನನ್ನ ಗೆಳೆಯ ಎರಡು ವರ್ಷ ಹೇಳಿದ, ನನ್ನ ಅಪ್ಪ ಎಂಟು ತಿಂಗಳು ಹೇಳಿದರು. ಹಾಗಾಗಿ ಕೇಳಿ ಸುಮ್ಮನಾಗಬೇಡಿ. "ಬನ್ನಿ, ಊಟಕ್ಕೆ ಕೂರೋಣ" ಅನ್ನಿ. ಪಕ್ಕದಲ್ಲಿ ಕೂತವನ ತಟ್ಟೆ ಸುಳ್ಳು ಹೇಳುವುದಿಲ್ಲ.

ಅಪ್ಪ ಇವತ್ತು ಈ ಸಭೆಗೆ ಬಂದಿಲ್ಲ. ಕರೆದೆ. "ಇವತ್ತು ಗುರುವಾರ ಕಣೋ, ಅನ್ನ ಬಡಿಸೋದು ನಾನು, ಹೇಗೆ ಬರಲಿ?" ಅಂದರು. ನನಗೆ ತುಂಬಾ ಸಂತೋಷವಾಯಿತು.

ಅಗೋ, ಹಿಂದೆ ಒಗ್ಗರಣೆ ವಾಸನೆ ಬರುತ್ತಿದೆ, ಮಕ್ಕಳು ಅತ್ತ ತಿರುಗಿ ನೋಡುತ್ತಿದ್ದಾರೆ. ಇನ್ನು ನಾನು ಮಾತಾಡಿದರೆ ತಪ್ಪಾಗುತ್ತದೆ. ಎಲ್ಲರೂ ಬನ್ನಿ, ಒಟ್ಟಿಗೆ ಕೂರೋಣ.